ನನ್ನ ಮಗ ಅವರಂಥವನಲ್ಲ

ಎಡಿಸನ್, ನ್ಯೂಜೆರ್ಸಿ
19 ಅಕ್ಟೋಬರ್ 2024

ಅಯೂಬ್ ಭಾಯಿಗೆ ತಾಹಿರಾಳ ಸಲಾಮು.

ಫೋನ್ ಮಾಡದೆ ಇಮೇಲ್ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡ. ಈ ಅಪಾರ್ಟ್‌ಮೆಂಟಿನಲ್ಲಿ ಎಲ್ಲಿ ನಿಂತು ಮಾತಾಡಿದರೂ ಕಾಮ್ರಾನನಿಗೆ ಕೇಳಿಸುತ್ತದೆ. ಅವನಿಗೆ ನಮ್ಮ ಮಾತು ತಿಳಿಯುತ್ತದೆ, ಓದಲು ಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಅಳಿಯನನ್ನು, ನನ್ನ ಕಾಮ್ರಾನನನ್ನು, ಶಾಲೆಯಿಂದ ಸಸ್ಪೆಂಡ್ ಮಾಡಿದ್ದಾರೆ. ವಿಚಾರಣೆ ಮುಗಿಯುವವರೆಗೆ ಗೇಟಿನೊಳಗೆ ಕಾಲಿಡುವಂತಿಲ್ಲ.

ಮೊದಲಿನಿಂದ ಹೇಳುತ್ತೇನೆ. ಈ ವರ್ಷ ಹನ್ನೊಂದನೇ ತರಗತಿಯಲ್ಲಿ ಅವನಿಗೊಬ್ಬ ಗೆಳೆಯ ಸಿಕ್ಕಿದ್ದ, ಮೈಕಾ ಅಂತ. ಇಲ್ಲಿಯವನೇ, ಬ್ಲ್ಯಾಕ್ ಹುಡುಗ, ಇವನಿಗಿಂತ ಒಂದು ವರ್ಷ ದೊಡ್ಡವನು. ಅಜ್ಜಿ ಮಿಸೆಸ್ ಬೋಲ್ಡನ್ ಸಾಕಿದ ಮಗು. ಶಾಲೆ ಬಿಟ್ಟ ಮೇಲೆ ಇಬ್ಬರೂ ನಮ್ಮ ಅಡುಗೆಮನೆಯ ಟೇಬಲ್ಲಿಗೇ ಬರುತ್ತಿದ್ದರು. ಚಪಾತಿಗೆ ಶೇಂಗಾ ಚಟ್ನಿ ಹಚ್ಚಿ ಸುರುಳಿ ಮಾಡಿ ಕೊಟ್ಟರೆ ಅದನ್ನು ತಿನ್ನುತ್ತ ಫಿಸಿಕ್ಸ್ ಲೆಕ್ಕ ಬಿಡಿಸುತ್ತಿದ್ದರು. ತಾನು ತಪ್ಪು ಮಾಡಿದರೆ ಮೈಕಾ ಜೋರಾಗಿ ನಗುತ್ತಿದ್ದ. ಕಾಮ್ರಾನ್ ತಪ್ಪು ಮಾಡಿದರೆ ಮಾತ್ರ ನಗುತ್ತಿರಲಿಲ್ಲ, ಅವನೇ ತಿದ್ದಿಕೊಳ್ಳಲಿ ಎಂದು ಕಾಯುತ್ತಿದ್ದ. ಅದಕ್ಕೇ ನನಗೆ ಆ ಹುಡುಗ ಇಷ್ಟವಾಗಿದ್ದ.

ಟೆಸ್ಟಿನಲ್ಲಿ ಇಬ್ಬರಿಗೂ ತೊಂಬತ್ತರ ಮೇಲೆ ಬಂತು. ಮಾರನೆಯ ದಿನ ಮೇಷ್ಟ್ರು ಇಬ್ಬರನ್ನೂ ಕರೆದು, "ಇದನ್ನು ನೀವೇ ಬರೆದದ್ದಾ?" ಎಂದು ಕೇಳಿದರಂತೆ. ನಮ್ಮ ಮೇಲಿನ ಮನೆಯ ಮಯಾಂಕ್ ಅದೇ ಸಾಲಿನಲ್ಲಿ ಕೂತು ಬರೆದವನು, ಅವನಿಗೂ ಅಷ್ಟೇ ಬಂದಿತ್ತು. ಅವನನ್ನು ಯಾರೂ ಏನೂ ಕೇಳಲಿಲ್ಲ. ಇವರಿಬ್ಬರು ಮಾತ್ರ ಇನ್ನೊಂದು ಸಲ ಬರೆದು ತೋರಿಸಬೇಕು, ಬೇರೆ ಕೋಣೆಯಲ್ಲಿ, ಬಾಗಿಲಿಗೆ ಸೆಕ್ಯುರಿಟಿ ಗಾರ್ಡ್ ನಿಲ್ಲಿಸಿ.

ಕಾಮ್ರಾನ್ ತಲೆ ಬಗ್ಗಿಸಿ ಬರೆಯತೊಡಗಿದ. ಮೈಕಾ ಎದ್ದು ನಿಂತು, "ನಾನು ಒಂದು ಸಲ ಬರೆದಾಗಿದೆ, ಸರ್," ಎಂದು ಬ್ಯಾಗ್ ಎತ್ತಿಕೊಂಡು ಹೊರಟ. ಗಾರ್ಡ್ ಅವನ ತೋಳು ಹಿಡಿದ. ಎಳೆದಾಟವಾಯಿತು. ಗಾರ್ಡ್ ಡೆಸ್ಕಿನ ಮೇಲೆ ಬಿದ್ದು ಮಣಿಕಟ್ಟು ಮುರಿದುಕೊಂಡ. ಮೈಕಾನೇ ತಳ್ಳಿದ, ಕಾಮ್ರಾನ್ ಅವನಿಗೆ ಸಾಥ್ ಕೊಟ್ಟ ಎಂದು ಶಾಲೆಯವರು ಬರೆದಿದ್ದಾರೆ.

ಭಾಯಿ, ಅವತ್ತು ಸಂಜೆ ಕಾಮ್ರಾನ್ ನನ್ನ ಮುಂದೆ ಕೂತು, "ಅಮ್ಮಿ, ಇಟ್ ವಾಸ್ ಮಿ," ಎಂದ. ಗೆಳೆಯನ ತೋಳು ಬಿಡಿಸಲು ಹೋಗಿ ಗಾರ್ಡನ್ನು ತಳ್ಳಿದವನು ಇವನು. ಮೈಕಾ ಬ್ಯಾಗ್ ಬಿಟ್ಟು ಬೇರೇನನ್ನೂ ಮುಟ್ಟಿಲ್ಲ.

ಇವನ ಅಪ್ಪ ಇಮಾಮ್ ಅಲ್ಲೇ ಶೂ ಕಟ್ಟಿಕೊಳ್ಳುತ್ತಿದ್ದರು, ರಾಬಿನ್ಸ್‌ವಿಲ್ ವೇರ್‌ಹೌಸಿನ ಶಿಫ್ಟಿಗೆ ಹೊರಟಿದ್ದರು. "ಈ ಮಾತು ಈ ಮನಿ ಬಿಟ್ಟು ಹೊರಗ ಹೋಗಬಾರದು," ಎಂದರು. "ತಿಳೀತಿಲ್ಲೋ?"

ನನಗೆ ಕೈಕಾಲು ಆಡುತ್ತಿಲ್ಲ. ಏನು ಮಾಡಲಿ?

ನಿನ್ನ ತಂಗಿ,
ತಾಹಿರಾ

* * *

ಮುಂಡಗೋಡ
22 ಅಕ್ಟೋಬರ್ 2024

ತಾಹಿರಾ,

ನಿನ್ನ ಪತ್ರವನ್ನು ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ಓದಿದೆ. ಮುಂದಿನ ಪಿರಿಯಡ್ಡಿನಲ್ಲಿ ಒಂಬತ್ತನೇ ತರಗತಿಗೆ ಏನು ಪಾಠ ಮಾಡಿದೆನೋ ನನಗೇ ಗೊತ್ತಿಲ್ಲ.

ಈಗ ನಾನು ಹೇಳುವುದನ್ನು ಗಮನವಿಟ್ಟು ಓದು. ವಿಚಾರಣೆಗೆ ನೀನೇ ಹೋಗು. ನರ್ಸ್ ಯೂನಿಫಾರಂ ಬೇಡ, ಒಳ್ಳೆಯ ಸಲ್ವಾರ್ ಕಮೀಜ್ ಹಾಕಿಕೋ. ಪಾಸ್‌ಪೋರ್ಟ್ ಕೈಯಲ್ಲಿರಲಿ. ನಾವು ಇಂಡಿಯಾದವರು, ಕರ್ನಾಟಕದವರು, ಮಾಮ ಹೈಸ್ಕೂಲು ಮೇಷ್ಟ್ರು ಎಂದು ಬಿಡಿಸಿ ಹೇಳು. ಅಲ್ಲಿ ಇಂಡಿಯನ್ನರಿಗೆ ಮರ್ಯಾದೆ ಇದೆ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಸಿದ್ದಿ ಮುಖ, ಸಿದ್ದಿ ಕೂದಲು ನೋಡಿದವರಿಗೆ ಆಫ್ರಿಕಾದವರು ಅನ್ನಿಸುತ್ತದೆ, ನೀವು ಇಂಡಿಯನ್ನರು ಎಂದು ಗೊತ್ತಾಗುವುದಿಲ್ಲ, ಅಷ್ಟೇ. ಗೊತ್ತು ಮಾಡಿಸು.

ಆ ಇನ್ನೊಬ್ಬ ಹುಡುಗನ ವಿಷಯ ನೀನಾಗಿ ಎತ್ತಬೇಡ. ಅವನಿಗೆ ಅವನ ಜನ ಇದ್ದಾರೆ. ನಮಗೆ ಅಲ್ಲಿ ಯಾರಿದ್ದಾರೆ?

ಕಾಮ್ರಾನನಿಗೆ ಮಾಮೂನ ದುವಾ ತಿಳಿಸು.

ಅಯೂಬ್

* * *

ಎಡಿಸನ್
16 ನವೆಂಬರ್ 2024

ಭಾಯಿ,

ನೀನು ಹೇಳಿದಂತೆಯೇ ಮಾಡಿದೆ. ಹಬ್ಬಕ್ಕೆಂದು ಇಟ್ಟಿದ್ದ ಹಸಿರು ಸಲ್ವಾರ್ ಹಾಕಿಕೊಂಡೆ.

ವಿಚಾರಣೆ ಕೋಣೆಯ ಹೊರಗೆ ಬೆಂಚಿನ ಮೇಲೆ ಮೈಕಾ ಮತ್ತು ಅವನ ಅಜ್ಜಿ ತಮ್ಮ ಸರದಿಗೆ ಕಾಯುತ್ತಿದ್ದರು. ಮಿಸೆಸ್ ಬೋಲ್ಡನ್ ಪೋಸ್ಟ್ ಆಫೀಸಿನ ಕೆಲಸದಿಂದ ನೇರವಾಗಿ ಬಂದಿದ್ದರು, ನೀಲಿ ಅಂಗಿಯಲ್ಲೇ. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ನಾನು ಕೂರಲಿಲ್ಲ.

ಒಳಗೆ ಮೂವರಿದ್ದರು. ನಡುವೆ ಕೂತಿದ್ದ ಹೆಂಗಸು ಮೊದಲು ನಮ್ಮ ಕಡೆ ಸರಿಯಾಗಿ ನೋಡಲೂ ಇಲ್ಲ. ನಾನು ಪಾಸ್‌ಪೋರ್ಟ್ ಮುಂದಿಟ್ಟು, "ನಮ್ಮದು ಇಂಡಿಯಾ," ಎಂದೆ. ಆಕೆ ಅದನ್ನು ತೆರೆದಳು, ನನ್ನ ಮುಖ ನೋಡಿದಳು, ಮತ್ತೆ ಪಾಸ್‌ಪೋರ್ಟ್ ನೋಡಿದಳು. "ಓ! ಯು ಆರ್ ಇಂಡಿಯನ್!" ಆಕೆಯ ದನಿಯೇ ಬೇರೆಯಾಯಿತು. ಕುರ್ಚಿ ಮುಂದಕ್ಕೆಳೆದುಕೊಂಡು ಕೂತಳು. ನಮ್ಮ ಶಾಲೆಯಲ್ಲಿ ಎಂಥೆಂಥ ಒಳ್ಳೆಯ ಇಂಡಿಯನ್ ಫ್ಯಾಮಿಲಿಗಳಿವೆ ಗೊತ್ತಾ ಎಂದಳು. ಹನ್ನೆರಡು ವರ್ಷದಲ್ಲಿ ಈ ಊರಿನ ಯಾವ ಆಫೀಸಿನಲ್ಲೂ ನನ್ನ ಜೊತೆ ಯಾರೂ ಅಷ್ಟು ಮೆತ್ತಗೆ ಮಾತಾಡಿರಲಿಲ್ಲ. ನನಗೆ ಧೈರ್ಯ ಬಂತು. ಬರಬಾರದಿತ್ತು.

"ಸೇರಬಾರದವರ ಜೊತೆ ಸೇರಿದ," ಎಂದೆ. "ನನ್ನ ಮಗ ಅವರಂಥವನಲ್ಲ."

ಆಕೆ ತಲೆಯಾಡಿಸಿ, "ನಿಮ್ಮ ಮಗ ಗಾರ್ಡನ್ನು ಮುಟ್ಟಿದನಾ?" ಎಂದು ಕೇಳಿದಳು. ಕಾಮ್ರಾನ್ ಬಾಯಿ ತೆರೆದ. ನಾನು ಟೇಬಲ್ಲಿನ ಕೆಳಗೆ ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿ ಹಿಡಿದೆ. "ಇಲ್ಲ," ಎಂದು ನಾನೇ ಹೇಳಿದೆ.

ಹೊರಗೆ ಬಂದಾಗ ಬಾಗಿಲು ಅರ್ಧ ತೆರೆದೇ ಇತ್ತೆಂದು ನನಗೆ ತಿಳಿಯಿತು. ಮಿಸೆಸ್ ಬೋಲ್ಡನ್ ನನ್ನನ್ನು ನೋಡುತ್ತಿದ್ದರು. ಸಿಟ್ಟಿನಿಂದಲ್ಲ ಭಾಯಿ. ಇದೆಲ್ಲ ಹೀಗೇ ಆಗುತ್ತದೆ ಎಂದು ಮೊದಲೇ ಗೊತ್ತಿದ್ದವರಂತೆ ನೋಡುತ್ತಿದ್ದರು.

ಕಾಮ್ರಾನನ ಮೇಲಿನ ಆರೋಪ ತೆಗೆದುಹಾಕಿದ್ದಾರೆ. ಸೋಮವಾರದಿಂದ ಶಾಲೆ. ಮೈಕಾನನ್ನು ಈ ಶಾಲೆಯಿಂದ ತೆಗೆದು, ತಪ್ಪು ಮಾಡಿದ ಮಕ್ಕಳನ್ನು ಕಳಿಸುವ ಬೇರೆ ಕೇಂದ್ರಕ್ಕೆ ಹಾಕಿದ್ದಾರೆ. ಅಲ್ಲಿ ಒಂದು ಕೋಣೆ, ಕೆಲವು ಕಂಪ್ಯೂಟರು. ಫಿಸಿಕ್ಸ್ ಹೇಳಿಕೊಡುವವರು ಯಾರೂ ಇಲ್ಲವಂತೆ. ಅವನ ಮೇಲೆ ಪೊಲೀಸ್ ಕಂಪ್ಲೇಂಟೂ ಆಗಿದೆ.

ಕಾರಿನಲ್ಲಿ ಬರುವಾಗ ಕಾಮ್ರಾನ್ ಹಿಂದಿನ ಸೀಟಿನಲ್ಲಿ ಕೂತ. ಅವತ್ತಿನಿಂದ ನನ್ನ ಜೊತೆ ಮಾತಾಡಿಲ್ಲ.

ತಾಹಿರಾ

* * *

ಮುಂಡಗೋಡ
24 ನವೆಂಬರ್ 2024

ತಾಹಿರಾ,

ಅಲ್ಲಾ ದೊಡ್ಡವನು. ಧಾರವಾಡದಿಂದ ಪೇಡೆ ತರಿಸಿ ಶಾಲೆಯಲ್ಲಿ ಹಂಚಿದೆ. ಏಕೆಂದು ಯಾರಿಗೂ ಹೇಳಲಿಲ್ಲ.

ಹುಡುಗರ ಮುನಿಸು ಹೆಚ್ಚು ದಿನ ಇರುವುದಿಲ್ಲ. ಓದಿನ ಕಡೆ ಗಮನ ಕೊಡಲಿ.

ಆ ಅಜ್ಜಿಯ ಬಗ್ಗೆ ಬರೆದದ್ದನ್ನು ಎರಡು ಸಲ ಓದಿದೆ. ಅದಕ್ಕೆ ಈಗ ಉತ್ತರ ಬರೆಯಲಾರೆ.

ಅಯೂಬ್

* * *

ಎಡಿಸನ್
2 ಜನವರಿ 2025

ಭಾಯಿ,

ಹೊಸ ವರ್ಷ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಕೇಕ್ ತಿಂದರು. ನನ್ನ ಬಾಯಿಗೆ ಮಣ್ಣು ತಿಂದ ಹಾಗಾಯಿತು.

ಕಾಮ್ರಾನ್ ಶಾಲೆಗೆ ಹೋಗುತ್ತಾನೆ. ಒಂದು ದಿನವೂ ತಪ್ಪಿಸಿಲ್ಲ. ಬೆಳಗ್ಗೆ ಎದ್ದು ಸ್ನಾನ ಮಾಡಿ ಬಸ್ ಹತ್ತುತ್ತಾನೆ. ಕ್ಲಾಸಿನಲ್ಲಿ ಕೂರುತ್ತಾನೆ. ಪರೀಕ್ಷೆಯಲ್ಲಿ ಹಾಳೆಯ ಮೇಲೆ ತನ್ನ ಹೆಸರು ಬರೆಯುತ್ತಾನೆ, ಪೆನ್ನು ಕೆಳಗಿಟ್ಟು ಗಂಟೆ ಹೊಡೆಯುವವರೆಗೂ ಕೈಕಟ್ಟಿ ಕೂರುತ್ತಾನೆ. ಫಿಸಿಕ್ಸ್, ಮ್ಯಾಥ್ಸ್, ಹಿಸ್ಟರಿ, ಯಾವುದರಲ್ಲೂ ಒಂದಕ್ಷರ ಬರೆಯುತ್ತಿಲ್ಲ.

ನಾನು ಕೂಗಾಡಿದೆ. ಅತ್ತೆ. ಇಮಾಮ್ ಒಂದು ದಿನ ಕೈ ಎತ್ತಿದರು. ಹುಡುಗ ಕದಲದೆ ನಿಂತುಕೊಂಡಿದ್ದ. ಎತ್ತಿದ ಕೈ ಹಾಗೇ ಇಳಿಸಿ ಇವರು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡರು. ಹದಿನೇಳು ವರ್ಷದ ಸಂಸಾರದಲ್ಲಿ ಅವರು ಅತ್ತದ್ದನ್ನು ನಾನು ಮೊದಲ ಸಲ ಕೇಳಿದೆ.

ಆಮೇಲೆ ಕಾಮ್ರಾನ್ ನನ್ನ ಹತ್ತಿರ ಬಂದು ಇಂಗ್ಲಿಷಿನಲ್ಲಿ ಒಂದೇ ಮಾತು ಕೇಳಿದ. "ಅವರಂಥವನು ಅಂದರೆ ಎಂಥವನು, ಅಮ್ಮಿ? ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಬಿಟ್ಟು ನಿಲ್ಲುತ್ತಾರಲ್ಲ, ಅವರಿಗೆ ನಿನ್ನ ಪಾಸ್‌ಪೋರ್ಟ್ ತೋರಿಸಲಾ?"

ಅವನನ್ನು ನಿನ್ನ ಹತ್ತಿರ ಕಳಿಸಿಬಿಡುತ್ತೇನೆ ಭಾಯಿ. ಅಲ್ಲೇ ಪಿಯುಸಿಗೆ ಸೇರಿಸು. ನಿನ್ನ ಕಣ್ಣೆದುರಿಗೆ ಇರುತ್ತಾನೆ. ಅಲ್ಲಿ ಅವನು ಯಾರೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬೇಗ ಉತ್ತರ ಬರೆ. ಕೈಮುಗಿದು ಕೇಳುತ್ತೇನೆ.

ತಾಹಿರಾ

* * *

ಮುಂಡಗೋಡ
19 ಜನವರಿ 2025

ತಾಹಿರಾ,

ತಡವಾಯಿತು. ಬರೆದು ಬರೆದು ಅಳಿಸಿದೆ.

ನಿನ್ನ ಪತ್ರ ಬಂದ ವಾರವೇ ಪಿಯು ಕಾಲೇಜಿನ ಪ್ರಿನ್ಸಿಪಾಲ್ ಬೋರಲಿಂಗಯ್ಯನವರನ್ನು ನೋಡಲು ಹೋಗಿದ್ದೆ. ಒಳ್ಳೆಯ ಮನುಷ್ಯ. ಚಹಾ ತರಿಸಿದರು. ಅಮೆರಿಕದಲ್ಲಿ ಓದಿದ ಹುಡುಗ, ಸೈನ್ಸ್ ಬೇಕು ಅಂದೆ. "ನಿಮ್ಮ ತಂಗಿ ಮಗ ಅಂದ್ರ ನಮ್ಮವನಽ ಬಿಡ್ರಿ, ಸೀಟ್ ಕೊಡೋಣು," ಎಂದರು. ನಾನು ಎದ್ದು ನಿಂತೆ. ಆಗ ಅವರು ನಗುತ್ತ, ತುಂಬ ಪ್ರೀತಿಯಿಂದಲೇ ಕೇಳಿದರು: "ಓಡತಾನೇನ್ರಿ ಮಾಸ್ತರ? ನಿಮ್ಮ ಮಂದಿಗೆ ಅದು ರಕ್ತದಾಗ ಬಂದಿರತೈತಲ್ಲ. ಈ ಸಲ ಜಿಲ್ಲಾ ಮಟ್ಟಕ್ಕ ಒಬ್ಬ ಬೇಕಾಗ್ಯಾನ."

ಚಹಾ ಅರ್ಧಕ್ಕೇ ಬಿಟ್ಟು ಬಂದೆ.

ನಿನಗೆ ಹೇಳದೆ ಇದ್ದದ್ದೊಂದಿದೆ. ನೀನು ಆಗ ಚಿಕ್ಕವಳು. ನಾನು ಏಳನೇ ತರಗತಿಯಲ್ಲಿ ಕನ್ನಡ ಪ್ರಬಂಧಕ್ಕೆ ತಾಲ್ಲೂಕಿಗೆ ಮೊದಲು ಬಂದೆ. ಹೆಡ್‌ಮಾಸ್ತರರು ನನ್ನನ್ನು ನಿಲ್ಲಿಸಿ, "ಯಾರು ಬರೆದು ಕೊಟ್ರೋ?" ಎಂದು ಕೇಳಿದರು. ನಾನೇ ಬರೆದೆ ಎಂದೆ. ಎಲ್ಲರೂ ನಕ್ಕರು. ಬಹುಮಾನ ಎರಡನೆಯವನಿಗೆ ಹೋಯಿತು. ಮುಂದಿನ ತಿಂಗಳು ನನ್ನನ್ನು ಕ್ರೀಡಾ ಹಾಸ್ಟೆಲ್ಲಿಗೆ ಆರಿಸಿದರು. ಅಬ್ಬಾಜಾನ್ ಊರಿಗೆಲ್ಲ ಊಟ ಹಾಕಿಸಿದರು, ನಿನಗೆ ನೆನಪಿರಬಹುದು. ಮೊಣಕಾಲು ಕೆಟ್ಟು ವಾಪಸ್ ಬರುವವರೆಗೂ ನಾನು ಓಡಿದೆ. ಪುಸ್ತಕ ಮುಟ್ಟಲಿಲ್ಲ. ಓದು ಮತ್ತೆ ಹಿಡಿದದ್ದು ಕಾಲು ಹೋಯಿತೆಂದು, ಬೇರೆ ದಾರಿ ಇರಲಿಲ್ಲವೆಂದು.

ಇಲ್ಲಿಗೆ ಕಳಿಸು ಎಂದು ಹೇಳಲು ನನಗೆ ಬಾಯಿಲ್ಲ. ಕಳಿಸಬೇಡ ಎನ್ನಲೂ ಇಲ್ಲ. ಇಲ್ಲಿ ಅವನು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ ಎಂದು ಬರೆದಿದ್ದೀಯ. ನಿಜ. ಇಲ್ಲಿಯವರಿಗೆ ಮೊದಲೇ ಎಲ್ಲ ಗೊತ್ತಿದೆ.

ಅಕ್ಟೋಬರಿನಲ್ಲಿ ನಾನು ನಿನಗೆ ಕೊಟ್ಟ ಸಲಹೆ ಸರಿಯಾಗಿರಲಿಲ್ಲ.

ನಿನ್ನ ಅಣ್ಣ,
ಅಯೂಬ್

* * *

ಎಡಿಸನ್
8 ಮಾರ್ಚ್ 2025

ಭಾಯಿ,

ಶಾಲೆಗೆ ಕರೆಸಿದ್ದರು. ಮಗನೂ ಪಕ್ಕದಲ್ಲೇ ಕೂತಿದ್ದ. ಕೌನ್ಸೆಲರ್ ಕಾಮ್ರಾನನ ಖಾಲಿ ಹಾಳೆಗಳನ್ನೆಲ್ಲ ಟೇಬಲ್ಲಿನ ಮೇಲೆ ಹರಡಿ, "ಆ ಇನ್ನೊಬ್ಬ ಹುಡುಗ ಹೋದ ಮೇಲೆ ಇವನಿಗೆ ಏನೂ ಬರೆಯಲು ಬರುತ್ತಿಲ್ಲ, ನೋಡಿ," ಎಂದಳು. ಅಂದರೆ ಇವನು ಆಗ ನಕಲು ಮಾಡಿದ್ದೇ ನಿಜವಂತೆ. ಸೈನ್ಸ್ ಬಿಡಿಸಿ ಸುಲಭದ ವಿಷಯ ಕೊಡುತ್ತಾರಂತೆ. "ಟ್ರ್ಯಾಕ್ ಟೀಮಿಗೆ, ಓಟಕ್ಕೆ, ಸೇರಿದರೆ ಮನಸ್ಸು ಹಗುರಾಗುತ್ತದೆ," ಎಂದೂ ಹೇಳಿದಳು. ನನಗೆ ನಿನ್ನ ನೆನಪಾಯಿತು.

ಅದನ್ನು ಕೇಳಿ ಕಾಮ್ರಾನ್ ಎದ್ದು ಹೋದವನು ಮನೆಗೆ ಬರಲಿಲ್ಲ. ಮರುದಿನ ಮಧ್ಯಾಹ್ನದವರೆಗೂ ಅವನು ಎಲ್ಲಿದ್ದಾನೆಂದು ಗೊತ್ತಿಲ್ಲ. ಸ್ಟೇಷನ್, ಮಾಲ್, ಲೈಬ್ರರಿ ಎಲ್ಲ ಹುಡುಕಿದೆವು. ಪೊಲೀಸರಿಗೆ ಫೋನ್ ಮಾಡೋಣ ಎಂದೆ. ಇಮಾಮ್ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. "ಹುಚ್ಚಿ ಅದೀ ಏನು? ಅವರು ಅವನ್ನ ಹುಡುಕಾಕ ಬರ್ತಾರೋ, ಹಿಡಿಯಾಕ ಬರ್ತಾರೋ?"

ಕೊನೆಗೆ ಮಿಸೆಸ್ ಬೋಲ್ಡನ್ ಅವರೇ ಫೋನ್ ಮಾಡಿದರು. "ನಿಮ್ಮ ಮಗ ನಮ್ಮಲ್ಲಿದ್ದಾನೆ. ಊಟ ಮಾಡಿದ್ದಾನೆ."

ಹೋದೆ. ಆಕೆ ಬಾಗಿಲಲ್ಲೇ ನಿಂತರು, ಒಳಗೆ ಕರೆಯಲಿಲ್ಲ. ಥ್ಯಾಂಕ್ ಯು ಎಂದೆ. ಆಕೆ ಹೇಳಿದರು: "ಯಾರು ತಳ್ಳಿದ್ದೆಂದು ಮೈಕಾ ನನಗೆ ಅವತ್ತೇ ಹೇಳಿದ್ದ. ವಿಚಾರಣೆಯಲ್ಲಿ ಹೇಳು ಎಂದೆ. ಕಾಮ್ರಾನ್ ತಾನಾಗಿ ಹೇಳುತ್ತಾನೆ, ಅಜ್ಜಿ, ನಾನು ಹೇಳಿದರೆ ಚಾಡಿಯಾಗುತ್ತದೆ ಎಂದ. ಆ ಬೆಂಚಿನ ಮೇಲೆ ಕೂತು ಕೊನೆಯವರೆಗೂ ಕಾಯುತ್ತಿದ್ದ."

ಆಕೆಯ ಹಿಂದೆ ಹಜಾರದಲ್ಲಿ ಕಾಮ್ರಾನ್ ಜಾಕೆಟ್ ಹಾಕಿಕೊಳ್ಳುತ್ತಿದ್ದ. ಮೈಕಾ ಕಾಣಿಸಲಿಲ್ಲ.

ಏಪ್ರಿಲ್ ಇಪ್ಪತ್ತೆರಡಕ್ಕೆ ಮೈಕಾನ ಮೇಲ್ಮನವಿ ಶಾಲಾ ಬೋರ್ಡಿನ ಮುಂದೆ ಬರುತ್ತದಂತೆ. ನಾನು ಹೋಗಿ ನಿಜ ಹೇಳಿದರೆ ಕಾಮ್ರಾನನ ಕೇಸು ಮತ್ತೆ ತೆರೆಯುತ್ತದೆ. ಪೊಲೀಸೂ ಬರಬಹುದು. ಇಮಾಮ್ ಬೇಡ ಅನ್ನುತ್ತಾರೆ. ನೀನೇನು ಹೇಳುತ್ತೀ?

ತಾಹಿರಾ

* * *

ಮುಂಡಗೋಡ
10 ಮಾರ್ಚ್ 2025

ತಾಹಿರಾ,

ಒಂದು ಸಲ ಹೇಳಿದ್ದೆ. ಇನ್ನೊಂದು ಸಲ ಹೇಳುವ ಯೋಗ್ಯತೆ ನನಗಿಲ್ಲ.

ಇಷ್ಟು ಮಾತ್ರ ಬರೆಯುತ್ತೇನೆ. ಅವತ್ತು ಹೆಡ್‌ಮಾಸ್ತರರು ಕೇಳಿದಾಗ ನನ್ನ ಪಕ್ಕದ ಬೆಂಚಿನ ಹುಡುಗನಿಗೆ ಗೊತ್ತಿತ್ತು, ನಾನೇ ಬರೆದದ್ದೆಂದು. ಅವನ ಎದುರಿಗೇ ಕೂತು ಬರೆದಿದ್ದೆ. ಅವನು ಕಿಟಕಿಯ ಕಡೆ ನೋಡಿದ. ಹೆಡ್‌ಮಾಸ್ತರರ ಮುಖ ನನಗೆ ಈಗ ನೆನಪಿಲ್ಲ. ಆ ಹುಡುಗನದು ಇದೆ.

ಅಯೂಬ್

* * *

ಎಡಿಸನ್
25 ಏಪ್ರಿಲ್ 2025

ಭಾಯಿ,

ಹೋದೆ. ಇಮಾಮ್ ಬೇಡ ಎಂದರೂ ಬೆಳಗ್ಗೆ ಕಾರಿಗೆ ಪೆಟ್ರೋಲ್ ಹಾಕಿಸಿಟ್ಟಿದ್ದರು. ಆಸ್ಪತ್ರೆಯಿಂದ ಯೂನಿಫಾರಂನಲ್ಲೇ ಹೋದೆ. ಕಾಮ್ರಾನನನ್ನೂ ಕರೆದುಕೊಂಡು ಹೋಗಿದ್ದೆ, ಏತಕ್ಕೆಂದು ಹೇಳಿರಲಿಲ್ಲ. ವಿದ್ಯಾರ್ಥಿಗಳು ಹೊರಗಿರಬೇಕು ಎಂದು ಅವನನ್ನು ಬಾಗಿಲಲ್ಲೇ ನಿಲ್ಲಿಸಿದರು.

ಒಳಗೆ ಮಿಸೆಸ್ ಬೋಲ್ಡನ್ ಒಬ್ಬರೇ ಬಂದು ಕೂತಿದ್ದರು, ಮೈಕಾ ಇರಲಿಲ್ಲ. ಅವರ ಕೇಸು ಕರೆದಾಗ ನಾನು ಎದ್ದು ನಿಂತೆ. "ನವೆಂಬರಿನಲ್ಲಿ ನಾನು ಸುಳ್ಳು ಹೇಳಿದೆ. ಗಾರ್ಡನ್ನು ತಳ್ಳಿದವನು ನನ್ನ ಮಗ. ಮೈಕಾ ಯಾರನ್ನೂ ಮುಟ್ಟಲಿಲ್ಲ. ಇಬ್ಬರೂ ನನ್ನ ಅಡುಗೆಮನೆಯಲ್ಲಿ ಕೂತು ಓದಿ ಬರೆದ ಪರೀಕ್ಷೆ ಅದು, ಯಾರೂ ನಕಲು ಮಾಡಲಿಲ್ಲ." ನನ್ನ ಇಂಗ್ಲಿಷ್ ಅಲ್ಲಲ್ಲಿ ತಪ್ಪಿತು, ಆದರೂ ನಿಲ್ಲಿಸದೆ ಹೇಳಿದೆ.

ಅದೇ ಹೆಂಗಸು ಎದುರಿಗಿದ್ದಳು. ನನ್ನ ಗುರುತು ಹತ್ತಿತೋ ಇಲ್ಲವೋ. ಕನ್ನಡಕ ತೆಗೆದು, "ಮೇಡಂ, ಆ ವಿದ್ಯಾರ್ಥಿ ಈಗ ನಮ್ಮವನಲ್ಲ," ಎಂದಳು. "ಹದಿನೆಂಟು ತುಂಬಿದ ಮೇಲೆ ತಾನೇ ಸಹಿ ಮಾಡಿ ಶಾಲೆ ಬಿಟ್ಟಿದ್ದಾನೆ. ಹಾಗಾಗಿ ಈ ಮೇಲ್ಮನವಿಯೇ ಇಲ್ಲ. ನಿಮ್ಮ ಮಗನ ವಿಷಯವನ್ನು ಬೇರೆಯಾಗಿ ನೋಡುತ್ತೇವೆ."

ಇಷ್ಟೇ. ಮುಂದಿನ ಕೇಸು ಕರೆದರು.

ಮಿಸೆಸ್ ಬೋಲ್ಡನ್ ಪಾರ್ಕಿಂಗ್ ಲಾಟಿನಲ್ಲಿ ಸಿಕ್ಕರು. ಅವನು ಸಹಿ ಮಾಡಿದ್ದು ಅವರಿಗೂ ಹಿಂದಿನ ದಿನವಷ್ಟೇ ಗೊತ್ತಾಗಿತ್ತಂತೆ. ಆದರೂ ಬಂದಿದ್ದರು. "ನಾನೇಕೆ ಬಂದೆನೆಂದರೆ," ಎಂದು ಶುರು ಮಾಡಿ ನಿಲ್ಲಿಸಿದರು. ನಾನು ಕ್ಷಮಿಸಿ ಎಂದೆ. ಆಕೆ ಕಾರಿನ ಬಾಗಿಲು ತೆರೆದು, "ಇದನ್ನು ಚಳಿಗಾಲಕ್ಕೆ ಮೊದಲು ಹೇಳಿದ್ದರೆ ನನ್ನ ಮೊಮ್ಮಗನಿಗೆ ಉಪಯೋಗಕ್ಕೆ ಬರುತ್ತಿತ್ತು," ಎಂದರು. ದನಿ ಎತ್ತಲಿಲ್ಲ. ಬಯ್ದಿದ್ದರೆ ಸಹಿಸಬಹುದಿತ್ತು.

ಕಾರಿನಲ್ಲಿ ಕಾಮ್ರಾನನಿಗೆ ಎಲ್ಲ ಹೇಳಿದೆ. ಅವನು ನಮ್ಮ ಮಾತಿನಲ್ಲೇ ಕೇಳಿದ, ಎಷ್ಟೋ ತಿಂಗಳ ಮೇಲೆ. "ಅವ ಕೇಳಿದ್ನಾ, ಅಮ್ಮಿ?"

"ಇಲ್ಲ. ಬಂದಿರಲಿಲ್ಲ."

"ಅಪ್ಪನ ವೇರ್‌ಹೌಸಿನಾಗ ಕೆಲಸಕ್ಕ ಸೇರ್ಯಾನ. ಡ್ರೈವ್ ಮಾಡು."

ಇಮಾಮರಿಗೂ ಗೊತ್ತಿತ್ತಂತೆ, ನನಗೆ ಹೇಳಿರಲಿಲ್ಲ. ರಾಬಿನ್ಸ್‌ವಿಲ್‌ವರೆಗೂ ಕಾರು ಓಡಿಸಿದೆ. ಇನ್ನೂ ಬೆಳಕಿತ್ತು. ಗೇಟಿನ ಹತ್ತಿರ ಕಾರು ನಿಲ್ಲಿಸಿದೆ. ಸಂಜೆಯ ಬ್ರೇಕಿಗೆ ಜನ ಹೊರಗೆ ಬಂದರು. ಹಳದಿ ಜಾಕೆಟ್ ತೊಟ್ಟ ಆ ಹುಡುಗನ ಗುರುತು ನನಗೆ ಥಟ್ಟನೆ ಸಿಗಲಿಲ್ಲ, ಅಷ್ಟು ದೊಡ್ಡವನಂತೆ ಕಾಣುತ್ತಿದ್ದ. ಕಾಮ್ರಾನ್ ಇಳಿದು ಬೇಲಿಯ ಬಳಿಗೆ ಹೋದ. ಇವನು ಕೈಯಾಡಿಸಿ ಏನೇನೋ ಹೇಳುತ್ತಿದ್ದ. ಮೈಕಾ ಬೇಲಿಯ ಆ ಕಡೆ ನಿಂತು ಸ್ಯಾಂಡ್‌ವಿಚ್ ತಿನ್ನುತ್ತ ಕೇಳಿಸಿಕೊಂಡ. ಒಮ್ಮೆ ತಲೆಯೆತ್ತಿ ನನ್ನ ಕಾರಿನ ಕಡೆ ನೋಡಿದ. ನಾನು ಕೈ ಎತ್ತಿದೆ. ಅವನು ಎತ್ತಲಿಲ್ಲ. ಒಳಗೆ ಗಂಟೆ ಹೊಡೆದಿರಬೇಕು, ಎಲ್ಲರ ಜೊತೆ ತಿರುಗಿ ಹೋದ.

ಕಾಮ್ರಾನ್ ಬಂದು ನನ್ನ ಪಕ್ಕ ಕೂತ. ಸೀಟ್ ಬೆಲ್ಟ್ ಹಾಕಿಕೊಂಡ.

"ಏನಂದ?" ಎಂದು ಕೇಳಿದೆ.

"ಬ್ರೇಕ್ ಮುಗೀತು ಅಂದ."

ತಾಹಿರಾ